ಸಾಲಿನ ಮೇಲಿಟ್ಟ ಕೆಂಪು ಎಳೆ

ಕಂಡದ್ದನ್ನು ಕಂಡ ಹಾಗೆ ಬರೆಯಬೇಕೆಂದು ಕೂತಿದ್ದೇನೆ. ಊಹೆ ಬಂದ ಕಡೆ ಊಹೆ ಎಂದೇ ಹೇಳುತ್ತೇನೆ. ಈ ಎಚ್ಚರ ನನಗೆ ಮೊದಲಿನಿಂದ ಇದ್ದದ್ದಲ್ಲ. ಹೋದ ಚಳಿಗಾಲದಲ್ಲಿ, ಒಂದು ಶನಿವಾರ ಮತ್ತು ಭಾನುವಾರದ ನಡುವೆ ಬಂದದ್ದು.

ನನ್ನ ಮನೆ ವಿದ್ಯಾಗಿರಿಯಲ್ಲಿದೆ, ಕೆಲಸ ಇಳಕಲ್ಲಿನ ಒಂದು ಕಾಲೇಜಿನಲ್ಲಿ. ಇಂಗ್ಲಿಷ್ ಕಲಿಸುತ್ತೇನೆ. ಬೆಳಗಿನ ಬಸ್ಸು ಕಮತಗಿ, ಅಮೀನಗಡ, ಹುನಗುಂದ ದಾಟಿ ಇಳಕಲ್ ಮುಟ್ಟುವವರೆಗೂ ನನ್ನ ತೊಡೆಯ ಮೇಲೊಂದು ನೋಟ್‌ಬುಕ್ಕು ಇರುತ್ತದೆ. ಪಕ್ಕದಲ್ಲಿ ಕೂತವರು ಅದನ್ನು ಭಜನೆಯ ಪುಸ್ತಕ ಅಂದುಕೊಂಡದ್ದೂ ಉಂಟು. ಅದರಲ್ಲಿರುವುದು ಸಣ್ಣ ಸಣ್ಣ ಇಂಗ್ಲಿಷ್ ಮಾತುಗಳು. ಒಂದೇ ಉಸಿರಿನಲ್ಲಿ ಮುಗಿಯುವಂಥವು, ಒಂದರಂತೆ ಒಂದು ಕೇಳಿಸುವಂಥವು, ದಿನದ ಮಾತಿನಲ್ಲಿ ಯಾರೂ ಬಳಸದಂಥವು.

ಟಾರ್ನ್ ಅಂದರೆ ಗುಡ್ಡಗಳ ನಡುವಿನ ಪುಟ್ಟ ಕೆರೆ. ಟರ್ನ್ ಎಂಬುದೊಂದು ಕಡಲ ಹಕ್ಕಿ. ಎರಡೂ ಉತ್ತರದ ಚಳಿ ನಾಡುಗಳಿಂದ ಹಡಗಿನವರ ಬಾಯಲ್ಲಿ ಇಂಗ್ಲಿಷಿಗೆ ಬಂದವು. ಡೆಂಟ್ ಎಂಬ ಮಾತುಗಳು ಎರಡಿವೆ. ಬಿದ್ದ ಪಾತ್ರೆಯ ತಗ್ಗಿಗೆ ಅನ್ನುವ ಡೆಂಟ್ ಪೆಟ್ಟು ಎಂಬರ್ಥದ ಹಳೆಯ ಮಾತಿನ ಮಗು. ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ, ಬಾಚಣಿಗೆಯಂಥ ಹಣಿಗೆಯ ಸಂದಿಗೆ ಅನ್ನುವ ಡೆಂಟ್ ಫ್ರೆಂಚರ ‘ಹಲ್ಲು’ ಎಂಬ ಮಾತಿನಿಂದ ಬಂದದ್ದು. ಪಿರ್ನ್ ಅಂದರೆ ನಾವು ಕಂಡಿಕಿ ಅನ್ನುವುದು, ಅಡ್ಡ ಎಳೆ ಹಾಯಿಸುವ ಲಾಳಿಯ ಹೊಟ್ಟೆಯಲ್ಲಿ ಕೂಡುವ ನೂಲಿನ ಕೊಳವೆ. ಅದರ ಎದುರು ನಿಘಂಟು ‘ಮೂಲ ತಿಳಿಯದು’ ಎಂದಷ್ಟೇ ಬರೆದು ಕೈ ತೊಳೆದುಕೊಂಡಿದೆ. ಆ ಎರಡು ಮಾತು ಓದಿದಾಗಲೆಲ್ಲ ನನಗೆ ಸಪ್ಪೆ ಎನ್ನಿಸುತ್ತಿತ್ತು. ಇಷ್ಟು ದಪ್ಪ ಪುಸ್ತಕ ಬರೆದವರು ಇನ್ನೊಂದಿಷ್ಟು ಹುಡುಕಬಾರದಿತ್ತೇ ಅನ್ನಿಸುತ್ತಿತ್ತು.

ಮಗ್ಗದ ಮಾತುಗಳೇ ನನ್ನ ನೋಟ್‌ಬುಕ್ಕಿನಲ್ಲಿ ಹೆಚ್ಚು. ಇಳಕಲ್ಲಿನಲ್ಲಿ ಕಲಿಸುವವಳಿಗೆ ಅದು ಸಹಜ. ತರಗತಿಯಲ್ಲಿ ಕೂತವರಲ್ಲಿ ಅರ್ಧ ಜನ ನೇಕಾರರ ಮನೆಯ ಮಕ್ಕಳು.

ಹೋದ ವರ್ಷ ಕಾಲೇಜಿನ ಸೀರೆ ದಿನದ ಮರುದಿವಸ ಒಬ್ಬ ಹುಡುಗಿಯ ಫೋಟೋದ ಕೆಳಗೆ ಗೆಳತಿಯರು ಸಾಲಾಗಿ ‘ಸ್ಲೇ’, ‘ಸ್ಲೇ’ ಎಂದು ಬರೆದದ್ದನ್ನು ನನಗೆ ತೋರಿಸಿದರು.

“ಇದೇನ್ರೇ, ಚಂದಾಗಿ ಸೀರಿ ಉಟ್ಟಾಕಿಗೆ ಕೊಲ್ಲು ಅಂತ ಬರದೀರಿ?” ಎಂದೆ.

“ಕೊಲ್ಲೂದಲ್ರಿ ಮೇಡಂ, ಭಾರಿ ಕಾಣಾಕತ್ತಿ ಅಂತ!”

“ಹಂಗಾರ ನನಗ ಇನ್ನೂ ಯಾರೂ ಸ್ಲೇ ಅಂದಿಲ್ಲ ನೋಡ್ರಿ.”

“ನೀವೂ ಫೋಟೋ ಹಾಕ್ರಿ ಮೇಡಂ, ಅಂತೀವಿ.”

ಆ ನಗುವಿನ ಮೇಲೆಯೇ ಪಾಠ ಶುರುಮಾಡಿದೆ. ಸ್ಲೇ ಎಂದು ಕೇಳಿಸುವ ಮಾತುಗಳು ಇಂಗ್ಲಿಷಿನಲ್ಲಿ ಮೂರಿವೆ, ಬರೆಯುವುದು ಬೇರೆ ಬೇರೆ. ಒಂದು ಕೊಲ್ಲುವ ಸ್ಲೇ. ಇನ್ನೊಂದು ಹಿಮದ ಮೇಲೆ ಜಾರುವ, ಗಾಲಿಯಿಲ್ಲದ ಬಂಡಿಯ ಸ್ಲೇ. ಮೂರನೆಯದು ಮಗ್ಗದ ಸ್ಲೇ, ಅಂದರೆ ಹಣಿಗೆಯನ್ನು ಕೂಡಿಸಿದ ತೂಗು ಚೌಕಟ್ಟು. ಲಾಳಿ ಅದರ ಅಂಚಿನ ಮೇಲೆಯೇ ಆ ಕಡೆಯಿಂದ ಈ ಕಡೆಗೆ ಜಾರಿ ಹೋಗುತ್ತದೆ. “ಹಿಮದ ಮ್ಯಾಲ ಬಂಡಿ ಜಾರಿದಂಗ ಇದರ ಮ್ಯಾಲ ಲಾಳಿ ಜಾರತೈತಿ. ಅದಕ್ಕ ಬಂಡಿ ಹೆಸರ ಇದಕ್ಕೂ ಬಂತು,” ಎಂದು ಹೇಳಿದೆ. ಏಳೆಂಟು ವರ್ಷದಿಂದ ಪ್ರತಿ ತಂಡಕ್ಕೂ ಹೀಗೇ ಹೇಳುತ್ತಿದ್ದೆ. ಯಾವ ನಿಘಂಟಿನಲ್ಲಿ ನೋಡಿದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಆ ತರಗತಿಯ ಎರಡನೆಯ ಸಾಲಿನಲ್ಲಿ ಕೂಡುತ್ತಿದ್ದ ಒಬ್ಬಳು, ಮಗ್ಗದ ಮನೆಯ ಮುಸಲ್ಮಾನರ ಹುಡುಗಿ, ಆವತ್ತು ನಗಲಿಲ್ಲ. ಬರೆದುಕೊಂಡಳು. ಬಾದಾಮಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಪ್ರಬಂಧ ಓದುವ ವಿಚಾರ ಸಂಕಿರಣ ಇದೆಯೆಂದು ತಿಳಿದಾಗ ಅವಳೇ ಬಂದು, ಮಗ್ಗದ ಸಣ್ಣ ಇಂಗ್ಲಿಷ್ ಮಾತುಗಳ ಬಗ್ಗೆ ಬರೆಯುತ್ತೇನೆ ಎಂದಳು. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಓದುವುದನ್ನು ಕೇಳಲು ತಾಯಿ ಬಾದಾಮಿಗೆ ಬರುತ್ತಾರೆ, ದೊಡ್ಡಮ್ಮನೂ ಬರುತ್ತಾರೆ ಎಂದು ಹೇಳುವಾಗ ಅವಳು ಚೂಡಿದಾರದ ವೇಲನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಕರಡನ್ನು ನನಗೆ ಎರಡು ಸಲ ತಂದುಕೊಟ್ಟಳು. ಈಗ ಹೇಳುವುದನ್ನು ಸಾವಕಾಶ ಹೇಳಬೇಕು.

ಮೊದಲ ಸಲ ಮೂರನೆಯ ಹಾಳೆಯ ಮೇಲೆ ಒಂದು ಕೆಂಪು ರೇಷ್ಮೆ ಎಳೆ ಬಿದ್ದಿತ್ತು, ಗೇಣಿಗಿಂತ ಚಿಕ್ಕದು. ನೇಕಾರರ ಮನೆಯಿಂದ ಬಂದ ಹಾಳೆ, ಎಳೆ ಹತ್ತಿಕೊಂಡಿದೆ ಅಂದುಕೊಂಡೆ. ಬಾಯಿಂದ ಊದಿದೆ, ಹೋಯಿತು. ಓದಿ ಸಹಿ ಮಾಡಿದೆ. ಎರಡನೆಯ ಸಲವೂ ಅದೇ ಹಾಳೆ, ಅದೇ ಜಾಗ, ಕೆಂಪು ಎಳೆ. ಈ ಸಲ ಅದನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಹೊರಗೆ ಬಿಟ್ಟೆ. “ಹಾಳಿ ಸ್ವಚ್ಛ ಇಟ್ಟಕೊಂಡ ಬಾರವಾ,” ಎಂದು ನಕ್ಕೆ. ಅವಳು “ಹೂಂ ರಿ ಮೇಡಂ” ಎಂದಳು. ನಾನು ಮತ್ತೆ ಸಹಿ ಮಾಡಿದೆ. ಎಳೆ ಯಾವ ಸಾಲಿನ ಮೇಲಿತ್ತು ಎಂದು ಎರಡು ಸಲವೂ ನೋಡಲಿಲ್ಲ.

ಸಂಕಿರಣದ ಹಿಂದಿನ ವಾರ ವಿದ್ಯಾಗಿರಿಯ ಒಂದು ಗ್ರಂಥಾಲಯಕ್ಕೆ ಪದಗಳ ಮೂಲ ಹೇಳುವ ದೊಡ್ಡ ನಿಘಂಟು ಬಂದಿದೆ ಎಂದು ಗೊತ್ತಾಯಿತು. ಶನಿವಾರ ಮಧ್ಯಾಹ್ನ ಹೋಗಿ ಸುಮ್ಮನೆ ಸುಖಕ್ಕೆಂದು ತೆರೆದೆ. ನನ್ನ ಹಳೆಯ ಗೆಳೆಯರನ್ನೆಲ್ಲ ಮಾತಾಡಿಸಿದೆ: ಟಾರ್ನ್ ಸರಿಯಿತ್ತು, ಡೆಂಟ್ ಸರಿಯಿತ್ತು, ಪಿರ್ನ್ ಇಲ್ಲಿಯೂ ಮೂಲ ತಿಳಿಯದು. ಆಮೇಲೆ ಮಗ್ಗದ ಸ್ಲೇ ತೆಗೆದೆ.

ಅಲ್ಲಿ ಬಂಡಿ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಬಡಿ, ಹೊಡಿ ಎಂಬರ್ಥದ ಒಂದು ಮಾತಿದೆ, ಮಗ್ಗದ ಸ್ಲೇ ಅದರ ಬಳಗ ಎಂದಿತ್ತು. ಕೊಲ್ಲುವ ಸ್ಲೇ ಕೂಡ ಮೊದಲು ಬರೀ ಹೊಡೆಯುವುದೇ ಆಗಿತ್ತು. ಸ್ಲೈ, ಅಂದರೆ ಕಪಟಿ, ಎಂಬ ಮಾತು ಕೂಡ ಅದೇ ಬಳಗದ್ದು. ಹೊಡೆತ ಬಲ್ಲವನು ಎಂಬಲ್ಲಿಂದ ಹೊರಟು ಅದು ಕಪಟಿಯಾಯಿತಂತೆ. ಹಿಮದ ಬಂಡಿಯ ಸ್ಲೇ ಒಂದೇ ಹೊರಗಿನದು. ಅದು ಡಚ್ಚರ ಕಡೆಯಿಂದ ಬಹಳ ತಡವಾಗಿ ಬಂದದ್ದು, ಈ ಬಳಗಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾವುದನ್ನು ನಾನು ಮನೆಯ ಯಜಮಾನ ಅಂದಿದ್ದೆನೋ ಅದೇ ಪರವೂರಿನದು.

ಅಲ್ಲಿದ್ದುದನ್ನು ಅಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಒಂದು ಸಣ್ಣ ಮಾತು ತಪ್ಪಿದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸೋಮವಾರ ಆ ಹುಡುಗಿ ಪರ ಊರಿನ ಅಧ್ಯಾಪಕರ ಮುಂದೆ ನಿಂತು ನನ್ನ ಸುಳ್ಳನ್ನು ತನ್ನದೆಂದು ಓದುವವಳಿದ್ದಳು. ಗೊತ್ತಿದ್ದವರೊಬ್ಬರು ಎದ್ದು ಕೇಳಿದರೆ ಮುಖ ಕೆಡುವುದು ಅವಳದು, ಅದೂ ತಾಯಿಯ ಎದುರಿಗೆ. ಸಹಿ ಮಾಡಿದವಳು ನಾನು.

ಫೋನು ಮಾಡಬಹುದಿತ್ತು. ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದೆ. ಇದನ್ನೂ ಬರೆಯಬೇಕು.

ಭಾನುವಾರ ಬೆಳಗಿನ ಬಸ್ಸಿಗೆ ಹೊರಟೆ. ನೋಟ್‌ಬುಕ್ಕು ಚೀಲದಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಒಂದು ಡಬ್ಬಿ ಕೊಂಡೆ. ತಪ್ಪೊಪ್ಪಿಗೆಗೆ ಬರಿಗೈಲಿ ಹೋಗಬಾರದು ಅನ್ನಿಸಿರಬೇಕು.

ಅವರ ಮನೆಯ ಪಡಸಾಲೆಯ ಮಗ್ಗದಲ್ಲಿ ತಾಯಿ ಮತ್ತು ದೊಡ್ಡಮ್ಮ ಎದುರುಬದುರು ಕೂತು ಎಳೆ ಜೋಡಿಸುತ್ತಿದ್ದರು. ದೊಡ್ಡಮ್ಮನನ್ನು ಹುಡುಗಿ ಖಾಲಾ ಎಂದು ಕರೆಯುತ್ತಾಳೆ, ನಾನೂ ಹಾಗೇ ಬರೆಯುತ್ತೇನೆ. ತಮ್ಮೊಳಗೆ ಉರ್ದುವಿನಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡು ಕನ್ನಡಕ್ಕೆ ಹೊರಳಿದರು.

“ಬರ್ರಿ ಅಕ್ಕಾರ, ಬರ್ರಿ. ಸೂಟಿ ದಿನ ಬಂದೀರಿ? ಹುಡುಗಿ ಏನರ ತಪ್ಪ ಮಾಡ್ಯಾಳೇನ್ರಿ?” ಎಂದರು ತಾಯಿ.

“ಇಲ್ರಿ,” ಎಂದೆ. ಕರದಂಟು ಕೊಟ್ಟೆ.

“ಅಕ್ಕಾರ ಸಿಹಿ ತಂದಾರಂದ್ರ ಸುದ್ದಿ ಖಾರ ಇರಬೇಕ,” ಎಂದು ಖಾಲಾ ನಕ್ಕರು. ಅವರು ತಮಾಷೆಗೆ ಅಂದದ್ದು. ನನಗೆ ಮಾತ್ರ ಕೂಡಲು ಜಾಗ ಹುಡುಕುವುದೇ ಕಷ್ಟವಾಯಿತು.

ಹುಡುಗಿ ಒಳಗೆ ಚಹಾಕ್ಕೆ ಇಟ್ಟಿದ್ದಳು. ಅವಳು ಬರುವವರೆಗೆ ನಾನು ಆ ಇಬ್ಬರ ಕೈ ನೋಡುತ್ತ ಕೂತೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಿಡಿದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಕೆಂಪು ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು, ಪ್ರತಿ ಸೀರೆಗೂ ಹೊಸದಾಗಿ. ನಾನು ಆ ಊರಿನಲ್ಲಿ ಇಷ್ಟು ವರ್ಷ ಕಲಿಸಿದ್ದೇನೆ, ಆ ಸೀರೆಗಳನ್ನು ಉಟ್ಟಿದ್ದೇನೆ. ಆ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆವತ್ತೇ ಮೊದಲು.

ತಾಯಿ ಕೊಂಡಿ ಹಾಕುತ್ತಿದ್ದರು, ಖಾಲಾ ಅದನ್ನು ಜಗ್ಗಿ ನೋಡಿ ಮುಂದಕ್ಕೆ ಬಿಡುತ್ತಿದ್ದರು. ಓಣಿಯ ಒಂದು ಮದುವೆಯಲ್ಲಿ ಬಿರ್ಯಾನಿಗೆ ಉಪ್ಪು ಹಾಕುವುದನ್ನೇ ಮರೆತ ಸುದ್ದಿ ನಡೆದಿತ್ತು. ನಡುವೆ ಖಾಲಾ ಒಮ್ಮೆಲೆ ನಿಂತರು. ಒಂದು ಎಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಸುಮ್ಮನೆ ಕೂತರು. ಏನೂ ಹೇಳಲಿಲ್ಲ, ತಂಗಿಯ ಕಡೆ ನೋಡಲೂ ಇಲ್ಲ. ತಾಯಿ ಇನ್ನೂ ನಾಲ್ಕು ಮಾತು ಬಿರ್ಯಾನಿಯ ಬಗ್ಗೆ ಆಡಿದರು. ಆಮೇಲೆ ಅವರ ಕಣ್ಣು ಆ ಎರಡು ಬೆರಳಿನ ಮೇಲೆ ಬಿತ್ತು. ನಾಲಿಗೆ ಲೊಚಗುಟ್ಟಿ ಆ ಕೊಂಡಿ ಬಿಚ್ಚಿದರು, ಅದರ ಪಕ್ಕದ್ದನ್ನೂ ಬಿಚ್ಚಿದರು, ಎರಡನ್ನೂ ಅದಲುಬದಲು ಮಾಡಿ ಕೂಡಿಸಿದರು. ಖಾಲಾ ಬೆರಳು ಸಡಿಲಿಸಿದರು. ಬಿರ್ಯಾನಿ ಮುಂದುವರಿಯಿತು.

“ತಪ್ಪೇತಿ ಅಂತ ಬಾಯಿಲೆ ಯಾಕ ಹೇಳಲಿಲ್ರಿ?” ಎಂದು ಕೇಳಿದೆ.

“ಹೇಳಿದ್ರ ಈಕಿಗೆ ಸಿಟ್ಟು ಬರತೈತ್ರಿ,” ಎಂದರು ಖಾಲಾ. “ಹಿಡದ ಕುಂತ್ರ ತಾನ ನೋಡತಾಳ.”

“ನನಗೆಲ್ಲಿ ಸಿಟ್ಟು ಆಪಾ? ಸಿಟ್ಟು ಬರೂದು ನಿನಗ!” ಎಂದು ತಾಯಿ ಅಕ್ಕನಿಗೇ ತಿರುಗಿಸಿದರು.

ಅವರ ಮಾತು ನನ್ನ ಕಿವಿಗೆ ಇಳಿಯಲಿಲ್ಲ. ನನ್ನ ಕಣ್ಣ ಮುಂದೆ ಒಂದು ಹಾಳೆ ಬಂದಿತ್ತು, ಅದರ ಮೇಲೊಂದು ಕೆಂಪು ಎಳೆ. ಒಮ್ಮೆ ಊದಿದ್ದು, ಒಮ್ಮೆ ಕಿಟಕಿಯ ಹೊರಗೆ ಬಿಟ್ಟದ್ದು.

ಹುಡುಗಿ ಚಹಾ ತಂದಳು. ಕಪ್ಪು ತೆಗೆದುಕೊಳ್ಳದೆ ಕೇಳಿದೆ: “ಆ ಎಳಿ ನೀ ಬೇಕಂತ ಇಟ್ಟಿದ್ದೇನವಾ?”

ಅವಳು ತಾಯಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. “ಹೌದ್ರಿ ಮೇಡಂ.”

“ಸ್ಲೇದ ಸಾಲಿನ ಮ್ಯಾಲ?”

“ಹೌದ್ರಿ.”

“ನಿಘಂಟ ನೋಡಿದ್ಯಾ?”

“ಇಲ್ರಿ. ನನಗ ಎಲ್ಲಿ ಸಿಗಬೇಕು?” ಎಂದಳು. ಆಮೇಲೆ ಟ್ರೇ ಕೆಳಗಿಟ್ಟು, ಮಗ್ಗದ ಕಡೆ ಕೈ ಮಾಡಿ, ತೀರ ಮೆತ್ತಗೆ ಹೇಳಿದಳು: “ಜಾರೂದು ಲಾಳಿ ರಿ ಮೇಡಂ. ಇದು ಜಾರಂಗಿಲ್ಲ, ಬಡಿತೈತಿ. ಎಳಿ ಹೊಕ್ಕ ಮ್ಯಾಲ ಬಡದು ಕೂಡಸೂದ ಇದರ ಕೆಲಸ. ಸಣ್ಣಾಕಿದ್ದಾಗಿಂದ ಇದರ ಸಪ್ಪಳಕ್ಕ ಏಳತೇನಿ. ಜಾರೂ ಬಂಡಿ ಹೆಸರ ಇದಕ್ಕ ಯಾಕ ಇಡತಾರ ಅಂತ ತಿಳೀಲಿಲ್ಲ. ಅದಕ್ಕ ಎಳಿ ಇಟ್ಟೆ.”

ನಾನು ಗ್ರಂಥಾಲಯದಲ್ಲಿ ಕಂಡದ್ದನ್ನು ಹೇಳಿದೆ. ಬಡಿಯುವುದರಿಂದಲೇ ಆ ಹೆಸರು ಬಂದದ್ದು, ನಾನು ಹೇಳಿದ್ದು ತಪ್ಪು, ನೋಡದೆ ಹೇಳಿದ್ದು ಎಂದೆ. ಇದೇ ಕ್ರಮದಲ್ಲಿ, ಇಷ್ಟೇ ಮಾತಿನಲ್ಲಿ. ಅವಳ ಮುಖ ಅರಳಿತು. ನನ್ನ ತಪ್ಪಿಗೆ ಅಲ್ಲ ಅಂದುಕೊಂಡಿದ್ದೇನೆ, ತನ್ನ ಅನುಮಾನ ಸರಿಯಾದದ್ದಕ್ಕೆ.

“ನಾ ಬರದಿದ್ರ ನಾಳೆ ಏನ ಮಾಡತಿದ್ದಿ?”

“ಓದತಿದ್ನಿರಿ. ನೀವು ಎರಡ ಸಲ ಸಹಿ ಮಾಡೀರಲ್ರಿ.”

“ತಾಯಿ ಮುಂದ?”

“ಅಮ್ಮಿಗೆ ಇಂಗ್ಲಿಷ್ ಬರಂಗಿಲ್ಲಲ್ರಿ,” ಎಂದಳು.

ಇದನ್ನು ಅವಳು ನನ್ನನ್ನು ಚುಚ್ಚಲು ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಬಾಳೆಲ್ಲ ಆ ಚೌಕಟ್ಟನ್ನು ಎದೆಯ ಕಡೆಗೆ ಎಳೆದು ಬಡಿದ ಹೆಂಗಸು ಸಭೆಯ ಹಿಂದಿನ ಸಾಲಿನಲ್ಲಿ ಕೂತು, ಅದು ಜಾರುವ ಬಂಡಿ ಎಂದು ಮಗಳು ಓದುವುದನ್ನು ತಿಳಿಯದೆ ಕೇಳಿ ಚಪ್ಪಾಳೆ ತಟ್ಟುತ್ತಿದ್ದರು. ಆ ಚಿತ್ರ ಇವತ್ತಿಗೂ ನನ್ನನ್ನು ಅಲುಗಿಸುತ್ತದೆ, ಅದು ನಡೆಯದಿದ್ದರೂ.

ಚಹಾ ಆರಿತ್ತು, ಕುಡಿದೆ. ಪಡಸಾಲೆಯಲ್ಲೇ ಕೂತು ಆ ಸಾಲು ಹೊಡೆದು ಹೊಸದು ಬರೆದೆವು. ಕೆಳಗೆ, ಮೊದಲು ಹೀಗೆ ತಪ್ಪು ಹೇಳಿಕೊಟ್ಟವಳು ತನ್ನ ಅಧ್ಯಾಪಕಿ ಎಂದೂ ಸೇರಿಸು ಎಂದೆ. ಅವಳು ಒಪ್ಪಲಿಲ್ಲ.

“ಬ್ಯಾಡ್ರಿ ಮೇಡಂ. ನಮ್ಮ ಮನ್ಯಾಗ ಬಿಚ್ಚಿ ಕಟ್ಟಿದ್ದನ್ನ ಮತ್ತ ಎತ್ತಿ ಆಡಂಗಿಲ್ಲ.”

“ಹಂಗ ಎತ್ತಿ ಆಡತಿದ್ರ ನಿಮ್ಮ ಖಾಲಾನ ತಪ್ಪ ಎಣಸಾಕ ಒಂದ ವಾರ ಸಾಲಂಗಿಲ್ಲ,” ಎಂದರು ತಾಯಿ. ಖಾಲಾ ಕರದಂಟಿನ ಚೂರು ಬಾಯಿಗೆ ಹಾಕಿಕೊಂಡು, “ಬಾಯಾಗ ಕರದಂಟ ತುಂಬೇತಿ, ಇಲ್ಲಂದ್ರ ಹೇಳತಿದ್ನಿ,” ಎಂದರು.

ಸೋಮವಾರ ನಾಲ್ವರೂ ಬಾದಾಮಿಗೆ ಹೊರಟೆವು. ಗುಳೇದಗುಡ್ಡದ ದಾರಿಯಲ್ಲಿ ಖಾಲಾ ಕಿಟಕಿಯಿಂದ ಕೆಂಪು ಗುಡ್ಡ ನೋಡುತ್ತ, “ಇಲ್ಲೆ ಖಣ ನೇಯತಾರಲ್ರಿ, ಇವ್ರು ಕುಪ್ಪಸ ಕೊಟ್ಟು ನಾವು ಸೀರಿ ಕೊಟ್ಟು ಊರಿಗೆಲ್ಲ ಮಾನ ಮುಚ್ಚೇವಿ,” ಎಂದು ಬಸ್ಸೇ ಕೇಳುವಂತೆ ಹೇಳಿದರು. ಹುಡುಗಿ ಹಾಳೆಗಳನ್ನು ಎದೆಗೆ ಒತ್ತಿಕೊಂಡು ತುಟಿ ಅಲುಗಿಸುತ್ತಿದ್ದಳು.

ಸಭೆಯಲ್ಲಿ ನಾನು ಆ ಇಬ್ಬರ ನಡುವೆ ಕೂತೆ. ಹುಡುಗಿ ಇಂಗ್ಲಿಷಿನಲ್ಲಿ ಓದುತ್ತ ಹೋದಳು. ಒಂದೊಂದು ಮಾತಿಗೂ ಖಾಲಾ ನನ್ನ ಮೊಣಕೈ ತಿವಿದು, “ಈಗೇನಂದ್ಲು?” ಎನ್ನುವರು. ಡೆಂಟ್ ಬಂದಾಗ ಹಲ್ಲು ಎಂದೆ. ಪಿರ್ನ್ ಬಂದಾಗ ಕಂಡಿಕಿ, ಆ ಹೆಸರು ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲವಂತೆ ಎಂದೆ. “ಚೊಲೋ ಆತು, ಒಂದರ ಗೊತ್ತಿಲ್ಲ ಅಂದ್ರಲ್ಲ,” ಎಂದರು. ಆಮೇಲೆ ಸ್ಲೇ ಬಂತು. ಅಲ್ಲಿ ಹುಡುಗಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಬಲಗೈ ಮುಂದೆ ಚಾಚಿ, ಗಾಳಿಯಲ್ಲಿ ಏನನ್ನೋ ಹಿಡಿದು, ಎದೆಯ ಕಡೆಗೆ ಎಳೆದು ಬಡಿದು ತೋರಿಸಿದಳು. ಖಾಲಾ ನನ್ನನ್ನು ತಿವಿಯಲಿಲ್ಲ. “ಹಾ, ಇದು ತಿಳೀತು,” ಎಂದರು. ತಾಯಿಯ ಬಲಗೈ ಮಡಿಲಲ್ಲಿ ಒಂದೇ ಒಂದು ಸಲ ಹಾಗೇ ಆಡಿದ್ದನ್ನು ನಾನು ಕಂಡೆ.

ಓದು ಮುಗಿದ ಮೇಲೆ ಕನ್ನಡ ಕಲಿಸುವ ಅಧ್ಯಾಪಕರೊಬ್ಬರು ಎದ್ದರು. ಹಣಿ ಎಂದರೆ ಕನ್ನಡದಲ್ಲಿಯೂ ಬಡಿ ಎಂದೇ ಅರ್ಥ. ಹಾಗಾದರೆ ನಮ್ಮ ಹಣಿಗೆಯೂ ಬಡಿಯುವುದರಿಂದಲೇ ಬಂದಿರಬೇಕಲ್ಲವೇ ಎಂದು ಕೇಳಿದರು. ಎಷ್ಟು ಚಂದದ ಹೊಂದಿಕೆ! ನನ್ನ ಬಾಯಿಗೆ ‘ಹೌದು’ ಬಂದೇ ಬಿಟ್ಟಿತ್ತು. ತುಟಿ ಕಚ್ಚಿ ಹಿಡಿದೆ.

ಹುಡುಗಿ ಅವರ ಕಡೆ ತಿರುಗಿದಳು. “ಗೊತ್ತಿಲ್ರಿ ಸರ್,” ಎಂದಳು. “ಕೂಡಿದಂಗ ಕಾಣತಾವು, ಖರೆ. ಆದ್ರ ನೋಡದ ಹೇಳಂಗಿಲ್ರಿ.”

ಕೆಲವರು ನಕ್ಕರು. ಪ್ರಶ್ನೆ ಕೇಳಿದ ಅಧ್ಯಾಪಕರು ನಗಲಿಲ್ಲ, ತಲೆಯಾಡಿಸಿ ಏನೋ ಬರೆದುಕೊಂಡರು. ಆವತ್ತು ಬಾದಾಮಿಯಲ್ಲಿ ಕೇಳಿದ ಎಲ್ಲ ಮಾತುಗಳಲ್ಲಿ ಅದು ನನಗೆ ಹೆಚ್ಚು ಸುಖ ಕೊಟ್ಟಿತು. ನನ್ನ ನೋಟ್‌ಬುಕ್ಕಿನಲ್ಲಿ ಈಗ ಹಣಿಗೆಯ ಎದುರೂ ‘ಮೂಲ ತಿಳಿಯದು, ನೋಡಬೇಕು’ ಎಂದು ಬರೆದಿದ್ದೇನೆ. ಬರೆದಾಗ ಸಪ್ಪೆ ಎನ್ನಿಸಲಿಲ್ಲ.

ಅವರ ಮನೆಯಲ್ಲಿ ಬಿಚ್ಚಿ ಕಟ್ಟಿದ್ದನ್ನು ಎತ್ತಿ ಆಡುವುದಿಲ್ಲ, ಸರಿ. ಆದರೆ ಏಳೆಂಟು ವರ್ಷ ನನ್ನ ತರಗತಿಯಲ್ಲಿ ಕೂತು ಬಂಡಿಯ ಕತೆ ಬರೆದುಕೊಂಡ ಉಳಿದವರ ಪುಸ್ತಕದಲ್ಲಿ ಆ ಕೊಂಡಿ ಇನ್ನೂ ಹಾಗೇ ಇದೆ. ಅವರೆಲ್ಲ ಈಗ ಎಲ್ಲೆಲ್ಲಿದ್ದಾರೋ, ಒಬ್ಬೊಬ್ಬರ ಮನೆಗೂ ಬಸ್ಸು ಹತ್ತಿ ಹೋಗಲಾರೆ. ಅದಕ್ಕೇ ಇದನ್ನು ಬರೆದೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ದಯವಿಟ್ಟು ಆ ಸಾಲನ್ನು ಹೊಡೆದು ಹಾಕಲಿ.

ಬರೆದು ಮುಗಿಸಿ, ಅಚ್ಚಿಗೆ ಕಳಿಸುವ ಮೊದಲು ಆ ಹುಡುಗಿಗೆ ಓದಲು ಕೊಟ್ಟೆ. ಮೂರು ದಿನದ ಮೇಲೆ ಹಾಳೆಗಳು ಬಂದವು. ಈ ಸಲ ಒಂದೊಂದನ್ನೂ ಬೆಳಕಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದು ತಿರುವಿದೆ. ಐದನೆಯ ಹಾಳೆಯಲ್ಲಿ ಕೆಂಪು ಎಳೆ ಇತ್ತು. ಅದರ ಕೆಳಗಿನ ಸಾಲು ಓದಿದೆ: ‘ತಪ್ಪನ್ನು ಹೇಳದೆ ಎಳೆ ಹಿಡಿದು ಕೂಡುವುದು ಇಳಕಲ್ಲಿನ ನೇಕಾರ ಹೆಂಗಸರ ಹಳೆಯ ಪದ್ಧತಿ.’ ಎರಡು ಸಲ ಓದಿದರೂ ತಪ್ಪು ಕಾಣಲಿಲ್ಲ. ಮರುದಿನ ಕಾಲೇಜಿನಲ್ಲಿ ಕೇಳಿದೆ.

“ಪದ್ಧತಿ ಎಲ್ಲೀದ್ರಿ ಮೇಡಂ,” ಎಂದು ಅವಳು ನಗೆ ತಡೆಯಲಾರದೆ ಹೇಳಿದಳು. “ಊರಾಗ ಉಳಿದಾವ್ರೆಲ್ಲ ಬಾಯಿಲೇನ ಹೇಳತಾರ, ಓಣಿಗೆ ಕೇಳೂಹಂಗ ಹೇಳತಾರ. ಅಮ್ಮಿ, ಖಾಲಾ ಒಮ್ಮೆ ತಪ್ಪ ಹೇಳಾಕ ಹೋಗಿ ಜಗಳಾಡಿ, ಒಂದ ಸೀರಿ ಮುಗಿಯೂತನಕ ಮಾತ ಬಿಟ್ಟಿದ್ರು. ಆಗಿಂದ ಹಿಡಿಯೂದು ಶುರು ಆತು. ಅವರಿಬ್ಬರ ಅಷ್ಟ ರಿ.”

ಹಾಗಾಗಿ ಮೇಲಿನ ಪಡಸಾಲೆಯ ಪ್ರಸಂಗದಿಂದ ಆ ಸಾಲನ್ನು ತೆಗೆದುಹಾಕಿದ್ದೇನೆ. ಎಳೆಯನ್ನು ಈ ಸಲ ಊದಲಿಲ್ಲ. ನೋಟ್‌ಬುಕ್ಕಿನಲ್ಲಿ, ಸ್ಲೇ ಬರೆದ ಹಾಳೆಯ ನಡುವೆ ಇಟ್ಟುಕೊಂಡಿದ್ದೇನೆ.